ಹಳೆಯ ವಿದ್ಯಾರ್ಥಿಗಳ ಎದುರು ಡಂಬೆಲ್ಸ್ ಎತ್ತಲು ನಾಚಿಕೆ, ಏನು ಮಾಡಲಿ?

ಪ್ರಶ್ನೆ: ನನಗೆ 43 ವರ್ಷ. ಕೊಪ್ಪಳದಲ್ಲಿ ಹೈಸ್ಕೂಲ್ ಮಾಸ್ತರ. ಬಿ.ಪಿ. ಸ್ವಲ್ಪ ಜಾಸ್ತಿ ಇದೆ, ಹೊಟ್ಟೆಯೂ ಬಂದಿದೆ. ಡಾಕ್ಟರು ವ್ಯಾಯಾಮ ಮಾಡಿ ಅಂದರು ಅಂತ ಮನೆ ಹತ್ತಿರದ ಜಿಮ್‌ಗೆ ಮೂರು ತಿಂಗಳ ಫೀ ಒಟ್ಟಿಗೇ ಕಟ್ಟಿದೆ. ನಾಲ್ಕು ದಿನ ಹೋಗಿ ಬಿಟ್ಟೆ. ಸಂಜೆ ಅಲ್ಲಿಗೆ ಬರುವವರೆಲ್ಲ ಕಾಲೇಜು ಹುಡುಗರು. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರು ಎತ್ತುವುದರ ಕಾಲು ಭಾಗವೂ ನನಗೆ ಏಳುವುದಿಲ್ಲ. ಯಾವ ಮಷಿನ್ ಹೇಗೆ ಅಂತಲೂ ಗೊತ್ತಿಲ್ಲ. ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದಾರೆ ಅನಿಸುತ್ತದೆ. ದುಡ್ಡು ಹೋದರೆ ಹೋಗಲಿ, ಮನೆಯಲ್ಲೇ ಏನಾದರೂ ಮಾಡಿಕೊಳ್ಳಲಾ?
– ಹೆಸರು ಬೇಡ, ಕೊಪ್ಪಳ

ಉತ್ತರ: ಮೊದಲು ಬಿ.ಪಿ. ಮಾತು ಮುಗಿಸೋಣ ಸರ್, ಅದು ನಾಚಿಕೆಗಿಂತ ದೊಡ್ಡದು. ಡಾಕ್ಟರು ವ್ಯಾಯಾಮ ಅಂದಾಗ ಎಷ್ಟೋ ಸಲ ನಡಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿರುತ್ತಾರೆ. ತೂಕ ಎತ್ತಬಹುದಾ ಅಂತ ಬಿಡಿಸಿ ಕೇಳಿ. ಬಿ.ಪಿ. ಹತೋಟಿಯಲ್ಲಿದ್ದರೆ ಹೆಚ್ಚಿನವರಿಗೆ ಬೇಡ ಅನ್ನುವುದಿಲ್ಲ. 180/110 ಮುಟ್ಟುತ್ತಿದ್ದರೆ ಮಾತ್ರ ಮೊದಲು ಚಿಕಿತ್ಸೆ, ಆಮೇಲೆ ಜಿಮ್. ತೂಕ ಎತ್ತುವಾಗ ಉಸಿರು ಬಿಗಿ ಹಿಡಿಯಬೇಡಿ. ಹಿಡಿದರೆ ಆ ಗಳಿಗೆಯಲ್ಲಿ ಬಿ.ಪಿ. ಸರ್ರನೆ ಏರುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ತಗೊಳ್ಳಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಈಗ ಹೆದರಿಕೆ. ನಗುವ ಹುಡುಗರ ಬಗ್ಗೆ ನೀವು ಜಾಸ್ತಿ ಬರೆದಿದ್ದೀರಿ. ನನ್ನ ಕಣ್ಣಿಗೆ ಬಿದ್ದದ್ದು ನಡುವೆ ಸುಮ್ನೆ ಬಂದು ಹೋದ ಒಂದು ಸಾಲು: ಯಾವ ಮಷಿನ್ ಹೇಗೆ ಅಂತ ಗೊತ್ತಿಲ್ಲ. ಬೇರು ಅಲ್ಲಿದೆ. ಹೊಸಬರು ಒಂದು ಮಷಿನ್ ಹತ್ತಿರ ಹೋಗುತ್ತಾರೆ, ಅದರ ಮೇಲೆ ಅಂಟಿಸಿದ ಚಿತ್ರ ನೋಡುತ್ತಾರೆ, ಟವೆಲ್ ಈ ಹೆಗಲಿಂದ ಆ ಹೆಗಲಿಗೆ ಹಾಕುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಟ್ರೆಡ್‌ಮಿಲ್‌ಗೇ ವಾಪಸ್ ಬರುತ್ತಾರೆ. ಕೈಗೆ ಕೆಲಸ ಇಲ್ಲದೆ ನಿಂತವರಿಗೆ ಊರೆಲ್ಲ ತಮ್ಮನ್ನೇ ನೋಡಿದಂತೆ ಅನಿಸುವುದು ಸಹಜ.

ನಮ್ಮ ಕಡೆಯ ಗರಡಿಮನೆಯಲ್ಲಿ ಈ ತೊಂದರೆ ಕಡಿಮೆ. ಹೊಸ ಹುಡುಗ ಬಂದರೆ ವಸ್ತಾದಿ ಮೊದಲು ಕೆಮ್ಮಣ್ಣು ಹದ ಮಾಡಲು ಹಚ್ಚುತ್ತಾರೆ. ಆಮೇಲೆ ದಂಡ, ಬೈಠಕ್. ಇಷ್ಟು ಹೊಡಿ ಅಂದರೆ ಇಷ್ಟೇ. ಜೋಡಿ ಹಿಡಿಸುವುದು ಎಷ್ಟೋ ದಿನದ ಮೇಲೆ. ಹೊಸಬನಿಗೂ ಅಲ್ಲೊಂದು ಕೆಲಸ ಇರುತ್ತದೆ, ಹೇಳಿಕೊಡುವವರೂ ಇರುತ್ತಾರೆ. ಜಿಮ್‌ನಲ್ಲಿ ಫೀ ಇಸಿದುಕೊಂಡು, ರಸೀದಿ ಕೊಟ್ಟು, ‘ಮಾಡ್ರಿ ಸರ್’ ಅಂತ ಒಳಗೆ ಬಿಡುತ್ತಾರೆ. ಪಕ್ಕದಲ್ಲಿ ನಿಂತು ಹೇಳಿಕೊಡಬೇಕಾದರೆ ಪರ್ಸನಲ್ ಟ್ರೈನಿಂಗ್ ಅಂತ ಬೇರೆ ದುಡ್ಡು. ಇದು ಜಿಮ್‌ನವರ ತಪ್ಪು, ನಿಮ್ಮದಲ್ಲ.

ಪಾಠ ಟಿಪ್ಪಣಿ ಇಲ್ಲದೆ ನೀವು ಕ್ಲಾಸಿಗೆ ಹೋಗುತ್ತೀರಾ? ಇಲ್ಲೂ ಹಾಗೇ. ಧೈರ್ಯ ಬರಲಿ ಅಂತ ಕಾಯಬೇಡಿ, ಒಂದು ಚೀಟಿ ಬರೆದುಕೊಳ್ಳಿ. ಹತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ ನಡಿಗೆ, ಗಂಟೆಗೆ 4ರಿಂದ 5 ಕಿ.ಮೀ. ವೇಗ ಸಾಕು. ಆಮೇಲೆ ನಾಲ್ಕೇ ಮಷಿನ್: ಕಾಲಿಗೆ ಲೆಗ್ ಪ್ರೆಸ್, ಎದೆಗೆ ಚೆಸ್ಟ್ ಪ್ರೆಸ್, ಬೆನ್ನಿಗೆ ಲ್ಯಾಟ್ ಪುಲ್‌ಡೌನ್ (ತಲೆಯ ಮೇಲಿನ ಬಾರನ್ನು ಕೆಳಗೆ ಎಳೆಯುವುದು) ಮತ್ತು ಕೂತು ಎಳೆಯುವ ರೋಯಿಂಗ್. ಒಂದೊಂದರಲ್ಲಿ ಎರಡು ಸೆಟ್, ಸೆಟ್‌ಗೆ 10–12 ಸಲ. ನಡುವೆ ಒಂದೂವರೆ ಎರಡು ನಿಮಿಷ ವಿಶ್ರಾಂತಿ. ಮುಕ್ಕಾಲು ಗಂಟೆಯೊಳಗೆ ಮನೆಗೆ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಮೊದಲ ಎರಡು ವಾರ ಬೇರೆ ಏನನ್ನೂ ಮುಟ್ಟಬೇಡಿ, ಪಕ್ಕದ ಹುಡುಗ ಎಷ್ಟೇ ಚಂದದ್ದು ಮಾಡುತ್ತಿರಲಿ.

ಲ್ಯಾಟ್ ಪುಲ್‌ಡೌನ್ ಒಂದನ್ನು ವಿವರವಾಗಿ ಹೇಳುತ್ತೇನೆ, ಉಳಿದವು ಅದರಿಂದಲೇ ಅರ್ಥವಾಗುತ್ತವೆ. ಎದುರಿಗೆ ಕಬ್ಬಿಣದ ಪ್ಲೇಟುಗಳು ಒಂದರ ಮೇಲೊಂದು ಇರುತ್ತವೆ. ಹಿಂದಿನವರು ಪಿನ್ನನ್ನು ಎಲ್ಲೋ ಕೆಳಗೆ ಸಿಕ್ಕಿಸಿ ಹೋಗಿರುತ್ತಾರೆ. ಹಾಗೇ ಕೂತು ಎಳೆದರೆ ಒಂದಿಂಚೂ ಅಲುಗುವುದಿಲ್ಲ, ಅಲ್ಲೇ ಮುಖ ಕೆಂಪಾಗುವುದು. ಕೂರುವ ಮೊದಲು ಪಿನ್ ತೆಗೆದು ಮೇಲಿನಿಂದ ಎರಡನೇ ಅಥವಾ ಮೂರನೇ ತೂತಿಗೆ ಹಾಕಿ. ಪೂರ್ತಿ ಒಳಗೆ ಹೋಗಬೇಕು. ಅರ್ಧಕ್ಕೆ ನಿಂತ ಪಿನ್ ಜಾರಿದರೆ ಅಪಾಯ. ತೊಡೆಯ ಮೇಲಿನ ದಿಂಬು ಒತ್ತಿ ಕೂರುವಂತೆ ಹೊಂದಿಸಿಕೊಳ್ಳಿ. ಬಾರನ್ನು ಕತ್ತಿನ ಹಿಂದೆ ತರಬೇಡಿ, ಮುಂದೆ ಎದೆಯ ಮೇಲ್ಭಾಗಕ್ಕೆ ಎಳೆಯಿರಿ. ಬಿಡುವಾಗ ನಿಧಾನವಾಗಿ ಬಿಡಿ, ಪ್ಲೇಟು ಧಡ್ ಅನ್ನಬಾರದು. ಕೊನೆಯ ಸಲ ಎಳೆದಾಗ ಇನ್ನೂ ಎರಡು ಮೂರು ಎಳೆಯಬಹುದಿತ್ತು ಅನಿಸಿದರೆ ತೂಕ ಸರಿಯಾಗಿದೆ. ಎದ್ದ ಮೇಲೆ ಸೀಟು ಒರೆಸಿ. ಆ ಒಂದು ಕೆಲಸಕ್ಕೆ ಜಿಮ್‌ನಲ್ಲಿ ಸಿಗುವ ಮರ್ಯಾದೆ ನೂರು ಕಿಲೋ ಎತ್ತುವವನಿಗೂ ಸಿಗುವುದಿಲ್ಲ.

ಮೊದಲ ಕೆಲವು ವಾರಗಳಲ್ಲಿ ಎತ್ತುವ ತೂಕ ಬೇಗ ಏರುತ್ತದೆ. ತೋಳು ಮಾತ್ರ ಇದ್ದಷ್ಟೇ ಇರುತ್ತದೆ. ಆಗ ಕಲಿಯುತ್ತಿರುವುದು ನರಗಳು, ಸ್ನಾಯು ಬೆಳೆಯುವುದು ಆಮೇಲೆ. ಕನ್ನಡಿ ನೋಡಿ ನಿರಾಶೆ ಪಡುವವರು ಈ ಹಂತದಲ್ಲೇ ಬಿಟ್ಟು ಹೋಗುತ್ತಾರೆ.

ಇನ್ನು ನೋಡುವ ಜನ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಪ್ರಯೋಗ 2000ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ಒಂದು ಕೋಣೆ ತುಂಬ ಕೂತವರ ಮುಂದೆ ಕಳಿಸಿದರು. ಅರ್ಧದಷ್ಟು ಜನ ಆ ಚಿತ್ರ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರ ಅಂದಾಜು. ನಿಜವಾಗಿ ಗಮನಿಸಿದವರು ಕಾಲು ಭಾಗ ಅಷ್ಟೇ. ಜಿಮ್‌ನಲ್ಲಂತೂ ಎಲ್ಲರೂ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಾರೆ, ಇಲ್ಲವೇ ಮೊಬೈಲ್. ಎರಡು ಸೆಟ್ ನಡುವೆ ದಣಿದು ಕೂತವನ ಕಣ್ಣು ಎಲ್ಲೋ ಒಂದು ಕಡೆ ಇರಲೇಬೇಕಲ್ಲ, ಅದು ನಿಮ್ಮ ಮೇಲೆ ಬಿದ್ದಿರುತ್ತದೆ. ಹಾಗಂತ ಯಾರೂ ನಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೊಪ್ಪಳದಂಥ ಊರಲ್ಲಿ ‘ಏನ್ರಿ ಸರ್, ಜಿಮ್ ಹಚ್ಚೀರೇನು?’ ಅಂತ ಒಬ್ಬರಾದರೂ ಕೇಳುತ್ತಾರೆ. ‘ಹೌದಪ್ಪಾ, ಬಿ.ಪಿ. ಬಂದೈತಿ’ ಅಂದುಬಿಡಿ. ಮಾತು ಅಲ್ಲಿಗೆ ಮುಗಿಯುತ್ತದೆ.

ಹಳೆಯ ವಿದ್ಯಾರ್ಥಿಗಳಿದ್ದಾರೆ ಅಂದಿರಿ. ನನಗೆ ಅದು ನಿಮ್ಮ ಅದೃಷ್ಟ ಅನಿಸಿತು. ಅವರಲ್ಲೊಬ್ಬನನ್ನು ಕರೆದು ‘ಇದನ್ನ ಹೆಂಗ್ ಮಾಡೋದು, ಒಂದೀಟು ತೋರಿಸಪ್ಪಾ’ ಅನ್ನಿ. ಪರ್ಸನಲ್ ಟ್ರೈನರ್‌ಗಿಂತ ಹೆಚ್ಚು ಕಾಳಜಿಯಿಂದ ತೋರಿಸುತ್ತಾನೆ. ಒಂದೇ ಎಚ್ಚರ: ಅವನು ಹಾಕಿದ ತೂಕವನ್ನು ನೀವು ಇಳಿಸಿಕೊಳ್ಳಬೇಕು, ಮಾಸ್ತರಿಗೆ ಮರ್ಯಾದೆ ಅಂತ ಒಂದು ಪ್ಲೇಟು ಜಾಸ್ತಿಯೇ ಹಾಕಿರುತ್ತಾನೆ! ಮಷಿನ್ ಮೇಲೆ ಬೇರೆ ಯಾರೋ ಇದ್ದರೆ ಹಿಂದೆ ಸುಮ್ನೆ ನಿಂತು ಕಾಯಬೇಡಿ. ‘ಇನ್ನ ಎಷ್ಟು ಸೆಟ್ ಅದಾವ್ರಿ? ನಡುವ ನಾನೂ ಒಂದ್ ಸೆಟ್ ಹೊಡೀಲೇನ್ರಿ?’ ಅಂತ ಕೇಳಿ. ಜಿಮ್‌ನಲ್ಲಿ ದಿನಾ ನಡೆಯುವ ಮಾತು ಇದು.

ಸಂಜೆ ಆರರಿಂದ ಎಂಟು ಗದ್ದಲ. ಶಾಲೆಗೆ ಹೋಗುವ ಮೊದಲು ಬೆಳಿಗ್ಗೆ ಹೋಗಿ ನೋಡಿ. ಬೇಸಿಗೆಯಲ್ಲಿ ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಚಾವಣಿಯ ಜಿಮ್ ಆದರೆ ಸಂಜೆಯೂ ಒಳಗೆ ಧಗೆ. ಸಂಜೆಯೇ ಗತಿ ಅಂದರೆ ಸೋಮವಾರ ಲೆಗ್ ಪ್ರೆಸ್‌ನಿಂದ ಶುರು ಮಾಡಿ. ಸೋಮವಾರ ಹುಡುಗರೆಲ್ಲ ಎದೆ ಬೆಳೆಸುವ ಅವಸರದಲ್ಲಿ ಬೆಂಚಿನ ಸುತ್ತ ಇರುತ್ತಾರೆ, ಕಾಲಿನ ಮಷಿನ್ ಖಾಲಿ.

ಮೊದಲ ವಾರ ಮೈಕೈ ನೋವು ಬರುತ್ತದೆ. ಒಂದರಿಂದ ಮೂರು ದಿನದೊಳಗೆ ಜಾಸ್ತಿಯಾಗಿ ತಾನೇ ಇಳಿಯುತ್ತದೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲೇ ಮಾಡಲಾ ಅಂತ ಕೇಳಿದ್ದೀರಿ. ಮಾಡಬಹುದು, ಅದರಲ್ಲಿ ಕಡಿಮೆಯೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಅದು ಜಿಮ್‌ನಲ್ಲೇ ಆಗಬೇಕೆಂದು ಎಲ್ಲೂ ಹೇಳಿಲ್ಲ. ಕುರ್ಚಿಯಿಂದ ಕೂತು ಏಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು ಲೆಕ್ಕಕ್ಕೆ ಬರುತ್ತದೆ. ಆದರೆ ದುಡ್ಡು ಕಟ್ಟಿದ್ದೀರಿ, ಚೀಟಿ ಹಿಡಿದು ಎರಡು ವಾರ ಹೋಗಿ ನೋಡಿ. ಆಗಲೂ ಬೇಡ ಅನಿಸಿದರೆ ಸಂಕೋಚವಿಲ್ಲದೆ ಬಿಡಿ. ಮುಂದಿನ ಸಲ ಮಾತ್ರ ಎಷ್ಟೇ ಆಫರ್ ಇರಲಿ, ಒಂದು ತಿಂಗಳದ್ದಷ್ಟೇ ಕಟ್ಟಿ.

ಪ್ರಶ್ನೆ: ನಾನು ಬಳ್ಳಾರಿ, ವಯಸ್ಸು 29. ಜಿಮ್‌ಗೆ ಸೇರಬೇಕೆಂದಿದೆ. ಟ್ರೈನರ್‌ಗಳೆಲ್ಲ ಗಂಡಸರು. ಚೂಡಿದಾರ ಹಾಕಿಕೊಂಡು ಹೋಗಬಹುದಾ? ಭಾರ ಎತ್ತಿದರೆ ಮೈ ಗಂಡಸರ ಹಾಗೆ ಆಗುತ್ತದೆ ಅಂತ ಅತ್ತೆ ಹೇಳುತ್ತಾರೆ.

ಉತ್ತರ: ಅತ್ತೆಗೆ ಹೇಳಿಬಿಡಿ, ಆಗುವುದಿಲ್ಲ. ಗಂಡಸರಲ್ಲಿ ಹೆಚ್ಚಿರುವ, ಸ್ನಾಯು ಬೆಳೆಸುವ ಟೆಸ್ಟೋಸ್ಟೆರಾನ್ ಹಾರ್ಮೋನು ಹೆಂಗಸರಲ್ಲಿ ತೀರಾ ಕಡಿಮೆ. ಭಾರ ಎತ್ತಿದರೆ ಮೂಳೆ ಗಟ್ಟಿಯಾಗುತ್ತದೆ, ಆ ಲಾಭ ವಯಸ್ಸಾದ ಅತ್ತೆಗೂ ಇದೆ.

ಉದ್ದನೆಯ ಟಾಪ್, ಟ್ರ್ಯಾಕ್ ಪ್ಯಾಂಟ್ ಸಾಕು. ದುಪಟ್ಟಾ ಮಾತ್ರ ಬೇಡವೇ ಬೇಡ, ಟ್ರೆಡ್‌ಮಿಲ್‌ಗೋ ಕೇಬಲ್‌ಗೋ ಸಿಕ್ಕಿಕೊಂಡರೆ ಅನಾಹುತ. ಜಡೆ ಮೇಲೆ ಕಟ್ಟಿ, ಬಳೆ ತೆಗೆದಿಡಿ, ತಾಳಿ ಒಳಗಿರಲಿ.

ಸೇರುವ ಮೊದಲು ಲೇಡೀಸ್ ಟೈಮ್ ಇದೆಯಾ ಅಂತ ಕೇಳಿ, ಆ ಹೊತ್ತಿಗೇ ಒಮ್ಮೆ ಹೋಗಿ ನೋಡಿ. ಬೋರ್ಡಿನ ಮೇಲೆ ಮಾತ್ರ ಲೇಡೀಸ್ ಟೈಮ್ ಇದ್ದು, ಒಳಗೆ ಮಾಲೀಕರ ಗೆಳೆಯರು ಹರಟುತ್ತಿದ್ದರೆ ಆ ಜಿಮ್ ಬೇಡ. ಟ್ರೈನರ್ ಮೊದಲು ತಾನು ಮಾಡಿ ತೋರಿಸಬೇಕು, ಬಾಯಲ್ಲಿ ತಿದ್ದಬೇಕು. ಕೈ ಮುಟ್ಟಿ ತಿದ್ದುವ ಮೊದಲು ಕೇಳಬೇಕು. ‘ಮುಟ್ಟಬೇಡಿ ಅಣ್ಣಾ, ಹೇಳಿ, ಮಾಡ್ತೀನಿ’ ಅನ್ನುವುದಕ್ಕೆ ಹಿಂಜರಿಯಬೇಡಿ. ಯಾರಾದರೂ ರೀಲ್ಸ್ ಮಾಡುವಾಗ ಹಿಂದೆ ನೀವು ಕಾಣುತ್ತಿದ್ದರೆ ಅಲ್ಲೇ ಅಳಿಸಲು ಹೇಳಿ.

ಪ್ರಶ್ನೆ: ರಾಯಚೂರಿನಿಂದ ಬರೆಯುತ್ತಿದ್ದೇನೆ. 21 ವರ್ಷ, 52 ಕಿಲೋ. ಸಣಕಲ ಅಂತ ಜಿಮ್‌ನಲ್ಲಿ ಆಡಿಕೊಳ್ಳುತ್ತಾರೆ. ಪೌಡರ್ ತಗೋ, ಜೊತೆಗೆ ಒಂದು ಇಂಜೆಕ್ಷನ್ ಹಾಕಿಸಿಕೋ, ಮೂರು ತಿಂಗಳಲ್ಲಿ ಬಾಡಿ ಬರುತ್ತದೆ ಅಂತ ಟ್ರೈನರ್ ಹೇಳುತ್ತಿದ್ದಾನೆ.

ಉತ್ತರ: ಇಂಜೆಕ್ಷನ್ ಬೇಡ. ಬಾಡಿಗಾಗಿ ಕೊಡುವ ಇಂಥ ಇಂಜೆಕ್ಷನ್ ಸಾಮಾನ್ಯವಾಗಿ ಸ್ಟೀರಾಯ್ಡ್. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಹೃದಯಕ್ಕೂ ಪೆಟ್ಟು. ಹೇಳಿದ ಆ ಟ್ರೈನರ್‌ನನ್ನು, ಸಾಧ್ಯವಾದರೆ ಆ ಜಿಮ್ಮನ್ನೇ ಬಿಡಿ.

ತೂಕ ಏರಬೇಕಾದರೆ ಈಗ ತಿನ್ನುವುದಕ್ಕಿಂತ ಜಾಸ್ತಿ ತಿನ್ನಬೇಕು. ದಿನಕ್ಕೆ ಇನ್ನೆರಡು ಜೋಳದ ರೊಟ್ಟಿ, ಗಟ್ಟಿ ಬೇಳೆ, ಮೊಸರು. ತೂಕ ಎತ್ತುವವರಿಗೆ ಮೈತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೊಟೀನ್ ಸಾಕು. ನಿಮಗೆ ಸುಮಾರು 62ರಿಂದ 83 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಹತ್ತಿರ ಇರುತ್ತದೆ. ಊಟದಲ್ಲೇ ಸಿಗುತ್ತದೆ, ಅಲ್ವಾ? ಪೌಡರ್ ಕೊಳ್ಳಲೇಬೇಕು ಅನಿಸಿದರೆ ಟ್ರೈನರ್ ಕೈಯಿಂದ ಬಿಡಿಯಾಗಿ ತಗೊಳ್ಳಬೇಡಿ. ಸೀಲ್ ಇರುವ ಡಬ್ಬಿ, ಅದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್, ಅಂಗಡಿಯ ಬಿಲ್, ಈ ಮೂರೂ ಇರಲಿ.