ಪೊಲೀಸರು ವೀಸಾ ಕೇಳ್ತಾರಾ?

ಎಚ್-1ಬಿ ಕೆಲಸದ ವೀಸಾ ಮೇಲೆ ಬೆಂಗಳೂರಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಈಗಷ್ಟೇ ಬಂದಿದ್ದೀರಿ. ಹಿಂದೆ ಪೊಲೀಸ್ ಕಾರು ಕಂಡರೆ ಸಾಕು, ವೀಸಾ ಕೇಳಿ, ವಲಸೆ ಕಾನೂನು ಜಾರಿ ಮಾಡುವ ಐಸ್‌ನವರಿಗೆ ಒಪ್ಪಿಸಿಬಿಡ್ತಾರೇನೋ ಅಂತ ಭಯ ಆಗುತ್ತೆ ಅಂದಿದ್ದೀರಿ. ಜೊತೆಗೆ ಇನ್ನೊಂದು ಕೇಳಿದ್ದೀರಿ: ಪಕ್ಕದ ಅಪಾರ್ಟ್‌ಮೆಂಟಿನ ನಮ್ಮೂರ ಹೆಣ್ಣುಮಗಳು ಗಂಡನ ಕೈಲಿ ಏಟು ತಿನ್ನುತ್ತಿದ್ದಾಳೆ ಅನ್ನಿಸುತ್ತದೆ, 911ಗೆ ಫೋನ್ ಮಾಡಿದರೆ ಅವಳ ವೀಸಾಕ್ಕೇ ಕುತ್ತು ಬರುತ್ತಾ?

ನಮ್ಮಲ್ಲಿ ಎಲ್ಲಕ್ಕೂ ಒಂದೇ ಠಾಣೆ. ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಬರುವವರೂ ಅವರೇ, ವೀಸಾ ಮುಗಿದ ವಿದೇಶಿಯರನ್ನು ಹಿಡಿಯುವವರೂ ಅವರೇ. ಇಲ್ಲಿ ಹಾಗಲ್ಲ. ಸಿಟಿ ಪೊಲೀಸ್ ಊರಿನದು. ಶೆರಿಫ್ ಕೌಂಟಿಯವನು, ಓಟಿನಲ್ಲಿ ಗೆದ್ದು ಬಂದವನು. ಐಸ್ ಕೇಂದ್ರ ಸರ್ಕಾರದ್ದು. ಒಬ್ಬರ ಮೇಲೆ ಒಬ್ಬರಿಗೆ ಯಜಮಾನಿಕೆ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಂತೂ ಇದಕ್ಕೇ ಒಂದು ಕಾನೂನಿದೆ, ಎಸ್‌ಬಿ 54. 2017ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದರು, 2018ರ ಜನವರಿಯಿಂದ ಜಾರಿಯಲ್ಲಿದೆ. ವಲಸೆಯ ಸಲುವಾಗಿ ಊರಿನ ಪೊಲೀಸರು ನಿಮ್ಮ ವೀಸಾ ಸ್ಟೇಟಸ್ ಕೇಳುವಂತಿಲ್ಲ. ಬಿಡುಗಡೆ ಆಗಬೇಕಾದವನನ್ನು ಐಸ್ ಕೇಳಿತು ಅಂತ ಜೈಲಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಗಂಭೀರ ಅಪರಾಧದಲ್ಲಿ ಶಿಕ್ಷೆ ಆದವರ ಬಗ್ಗೆ ಮಾಹಿತಿ ಕೊಡಬಹುದು. ಇಂಥ ವಿನಾಯಿತಿಗಳು ಇವೆ. ಟ್ರಂಪ್ ಸರ್ಕಾರ ಕೋರ್ಟಿಗೆ ಹೋಯಿತು, ಆದರೆ ಕಾನೂನು ಉಳಿಯಿತು.

ಉಳಿದದ್ದು ಯಾಕೆ ಗೊತ್ತಾ? ಬಂದೂಕಿನ ಕೇಸುಗಳಿಂದ! ಬಂದೂಕು ಕೊಳ್ಳುವವರ ಹಿನ್ನೆಲೆ ಪರೀಕ್ಷಿಸಿ ಅಂತ ಕೇಂದ್ರ ಹೇಳಿದಾಗ ಮೊಂಟಾನಾದ ಪ್ರಿಂಟ್ಜ್ ಎಂಬ ಶೆರಿಫ್ ‘ನಿಮ್ಮ ಕೆಲಸ ನಾನ್ಯಾಕೆ ಮಾಡಲಿ’ ಅಂತ ಕೋರ್ಟಿಗೆ ಹೋದ. 1997ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು: ಕೇಂದ್ರ ತನ್ನ ಕೆಲಸವನ್ನು ರಾಜ್ಯದ, ಊರಿನ ಅಧಿಕಾರಿಗಳ ಮೇಲೆ ಹೇರುವಂತಿಲ್ಲ. ಬಲಪಂಥೀಯರು ಕುಣಿದಾಡಿದ ಅದೇ ತೀರ್ಪು ಇವತ್ತು ವಲಸಿಗರ ಗುರಾಣಿ.

ಇಂಥ ಕಾನೂನು ಬೇಕಾ ಅನ್ನುವವರು ನಮ್ಮವರಲ್ಲೇ ಬೇಕಾದಷ್ಟಿದ್ದಾರೆ. ‘ನಾವು ಲೀಗಲ್, ನಮಗೇನು’ ಅಂತಾರೆ. ನಮ್ಮ ಬೀದಿಗೆ ಹುಲ್ಲು ಕತ್ತರಿಸಲು ಬರುವವರೊಬ್ಬರ ಟ್ರಕ್ಕಿನಿಂದ ಹಾಡಹಗಲೇ ಯಂತ್ರಗಳನ್ನು ಕದ್ದರು. ಕಳ್ಳರ ಕಾರಿನ ನಂಬರ್ ನನ್ನ ಬಾಗಿಲ ಕ್ಯಾಮೆರಾದಲ್ಲಿ ಚೆನ್ನಾಗಿಯೇ ಬಿದ್ದಿತ್ತು. ತೋರಿಸಿದೆ. ಆತ ನೋಡಿದ, ತಲೆಯಾಡಿಸಿದ, ‘ಪೊಲೀಸ್ ಬೇಡ ಸಾರ್’ ಅಂದ. ಕಾನೂನು ಇದ್ದೂ ಈ ಭಯ! ಅವರು ದೂರು ಕೊಡದಿದ್ದರೆ ಕಳ್ಳ ಮುಂದಿನ ವಾರ ನನ್ನ ಗ್ಯಾರೇಜಿಗೇ ಬರ್ತಾನೆ, ಅಲ್ವಾ?

ಇನ್ನು ನಿಮ್ಮ ವಿಷಯ. ಪೊಲೀಸ್ ನಿಲ್ಲಿಸಿದರೆ ಕಾರು ಪಕ್ಕಕ್ಕೆ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲೆ ಇಡಿ. ನಮ್ಮೂರಿನ ಹಾಗೆ ಇಳಿದು ‘ಸಾರ್ ಸಾರ್’ ಅಂತ ಹತ್ತಿರ ಹೋಗಬೇಡಿ. ಅವರಿಗೆ ಬೇಕಿರುವುದು ಲೈಸೆನ್ಸ್, ರಿಜಿಸ್ಟ್ರೇಶನ್, ಇನ್ಶೂರೆನ್ಸ್. ದೇಶದೊಳಗೆ ಬಂದದ್ದರ ದಾಖಲೆಯಾದ ಐ-94ರ ಪ್ರಿಂಟ್ ಮಾತ್ರ ಸದಾ ಜೇಬಲ್ಲಿರಲಿ. 18 ತುಂಬಿದ ವಿದೇಶಿಯರು ನೋಂದಣಿಯ ದಾಖಲೆ ಜೊತೆಗಿಟ್ಟುಕೊಳ್ಳಬೇಕು ಅಂತ ಕೇಂದ್ರದ ಕಾನೂನೇ ಇದೆ.

ನಿಜವಾಗಿ ಹೆದರಬೇಕಾದ ಜಾಗ ಬೇರೆ. ಅರೆಸ್ಟ್ ಆಗಿ ಬೆರಳಚ್ಚು ಕೊಟ್ಟಿರೋ, ಅದು ಎಫ್‌ಬಿಐಗೆ ಹೋಗುತ್ತದೆ, ಅಲ್ಲಿಂದ ವಲಸೆ ಇಲಾಖೆಯ ಕಂಪ್ಯೂಟರಿಗೂ ಹೋಗುತ್ತದೆ. ಇದನ್ನು ಎಸ್‌ಬಿ 54 ತಡೆಯುವುದಿಲ್ಲ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ, ಕೋರ್ಟ್ ತೀರ್ಪು ಬರುವ ಮೊದಲೇ ಪಾಸ್‌ಪೋರ್ಟಿನಲ್ಲಿರುವ ವೀಸಾ ರದ್ದಾಗಬಹುದು. ಶುಕ್ರವಾರದ ಪಾರ್ಟಿಗೆ ಊಬರ್‌ನಲ್ಲಿ ಹೋಗಿ, ಸುಮ್ನೆ ರಿಸ್ಕ್ ಯಾಕೆ. ಐಸ್‌ನವರು ತಾವೇ ಬಂದು ಹಿಡಿಯುವುದಕ್ಕೂ ಈ ಕಾನೂನು ಅಡ್ಡ ಬರುವುದಿಲ್ಲ. ಮತ್ತೆ, ರಾಜ್ಯ ಬದಲಾದರೆ ಆಟವೇ ಬೇರೆ. ಟೆಕ್ಸಸ್ 2017ರಲ್ಲಿ ಪೂರ್ತಿ ಉಲ್ಟಾ ಕಾನೂನು ಮಾಡಿತು: ಹಿಡಿದು ನಿಲ್ಲಿಸಿದವರ ಸ್ಟೇಟಸ್ ಕೇಳಬೇಡಿ ಅಂತ ಯಾವ ಊರೂ ತನ್ನ ಪೊಲೀಸರಿಗೆ ಹೇಳುವಂತಿಲ್ಲ.

ಪಕ್ಕದ ಮನೆಯ ಹೆಣ್ಣುಮಗಳ ವಿಷಯ. ಬರುವ ಪೊಲೀಸರು ಅವಳ ವೀಸಾ ವಿಚಾರಿಸಲು ಬರುವುದಿಲ್ಲ. ಅವಳದು ಎಚ್-4, ಅಂದರೆ ಎಚ್-1ಬಿಯವರ ಹೆಂಡತಿಗೆ ಸಿಗುವ ವೀಸಾ, ಆಗಿದ್ದರೆ ಗಂಡನ ಕೆಲಸಕ್ಕೆ ಅಂಟಿಕೊಂಡಿರುತ್ತದೆ, ಆ ಚಿಂತೆ ಸುಳ್ಳಲ್ಲ. ಗಂಡನ ವೀಸಾ ಹೋದರೆ ಅವಳದೂ ಹೋಗುತ್ತದೆ. ಅದಕ್ಕೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಇರ್ತಾರೆ. ಆದರೆ ದಾರಿಗಳಿವೆ. ಇಂಥ ಅಪರಾಧಕ್ಕೆ ಗುರಿಯಾಗಿ ತನಿಖೆಗೆ ನೆರವಾದವರಿಗೆ ಯು ವೀಸಾ ಇದೆ. ವರ್ಷಕ್ಕೆ 10,000 ಮಾತ್ರ, ಕಾಯುವುದು ವರ್ಷಗಟ್ಟಲೆ. ಅದಕ್ಕೆ ‘ಈಕೆ ಸಹಕರಿಸಿದ್ದಾಳೆ’ ಅಂತ ಬರೆದುಕೊಡುವವರಲ್ಲಿ ಇದೇ ಊರಿನ ಪೊಲೀಸರೂ ಇದ್ದಾರೆ. ಹಿಂಸೆಗೊಳಗಾದ ಎಚ್-4 ಹೆಂಡತಿ ಪ್ರತ್ಯೇಕವಾಗಿ ವರ್ಕ್ ಪರ್ಮಿಟ್ ಕೂಡ ಕೇಳಬಹುದು. ಬೇ ಏರಿಯಾದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿಯೇ ಮೈತ್ರಿ, ನಾರಿಕಾ ಅನ್ನುವ ಸಂಸ್ಥೆಗಳಿವೆ. ಅವುಗಳ ನಂಬರನ್ನು ನಿಮ್ಮ ಮನೆಯವರ ಕೈಲಿ ಕೊಟ್ಟು ಕಳಿಸಿ, ಗಂಡ ಇಲ್ಲದ ಹೊತ್ತಲ್ಲಿ. ಹೊಡೆಯುವ ಸದ್ದು ಮತ್ತೆ ಕೇಳಿದರೆ ಮಾತ್ರ ಯೋಚಿಸುತ್ತ ಕೂರಬೇಡಿ, 911 ಒತ್ತಿ. ನಿಮ್ಮ ಹೆಸರು ಹೇಳಲೇಬೇಕು ಅಂತೇನೂ ಇಲ್ಲ.