ಪೆಸಾಹ್ ಹಬ್ಬಕ್ಕೆ ಮುಂಚೆ ಇಸ್ರೇಲಿಗೆ ಬರುತ್ತಿರುವ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಉಡುಪಿಯಿಂದ ಕೇರ್‌ಗಿವರ್ ಕೆಲಸಕ್ಕೆ ಮಾರ್ಚ್‌ನಲ್ಲಿ ಇಲ್ಲಿಗೆ ಬರುತ್ತಿದ್ದೀಯ. ವಯಸ್ಸಾದ ಅಜ್ಜಿಯೊಬ್ಬರನ್ನು ನೋಡಿಕೊಳ್ಳಬೇಕು. ಮನೆಯವರು ಬಹಳ ಆಚಾರವಂತರು ಅಂತ ಏಜೆಂಟ್ ಹೇಳಿದ್ದಾರೆ. ಶನಿವಾರ ಸ್ವಿಚ್ ಮುಟ್ಟಬಾರದು, ಹಾಲು ಮಾಂಸ ಬೆರೆಸಬಾರದು, ಹಬ್ಬಕ್ಕೊಂದು ಕಟ್ಟಳೆ ಅಂತ ಕೇಳಿ ನಿನಗೆ ಹೆದರಿಕೆ ಆಗಿದೆ. "ಇದಕ್ಕೆಲ್ಲ ಅರ್ಥ ಇದೆಯಾ ಅಕ್ಕಾ, ಇಲ್ಲ ಸುಮ್ನೆ ಹೇಳಿದ ಹಾಗೆ ಕೇಳಿಕೊಂಡು ಇರಬೇಕಾ?" ಅಂತ ಕೇಳಿದ್ದೀಯ.

ಅರ್ಥ ಇದೆ, ತುಂಬಾ ಇದೆ. ನಾನು ಇಲ್ಲಿಗೆ ಬಂದು ನೆಲೆಸಿ ಬಹಳ ವರ್ಷವಾಯಿತು. ಇಲ್ಲಿಯ ಅಜ್ಜ ಅಜ್ಜಿಯರ ಜೊತೆಯಲ್ಲೇ ಅವರ ಹಬ್ಬಗಳನ್ನೆಲ್ಲ ನೋಡಿದ್ದೇನೆ. ಯೆಹೂದ್ಯರು ತಮ್ಮ ಹಿರಿಯರ ಕಥೆಯನ್ನು ಕೈಯಿಂದ, ಬಾಯಿಂದ, ಹೊಟ್ಟೆಯಿಂದ ನೆನಪಿಡುತ್ತಾರೆ. ದೀಪ ಹಚ್ಚಬೇಕು, ಕಹಿ ಸೊಪ್ಪು ತಿನ್ನಬೇಕು, ಉಪವಾಸ ಇರಬೇಕು. ಕೈ ನಡುಗುವ ಅಜ್ಜಿಗೆ ಅದನ್ನು ಮಾಡಲು ನೆರವಾಗುವವಳು ನೀನು. ಅವರು ಏನನ್ನು ನೆನೆಯುತ್ತಿದ್ದಾರೆ ಅಂತ ಗೊತ್ತಿದ್ದರೆ ಮಾತ್ರೆ ಕೊಡುವುದಕ್ಕಿಂತ ದೊಡ್ಡ ಸಹಾಯ ನಿನ್ನಿಂದ ಆಗುತ್ತದೆ.

ಮೊದಲು ಶಬ್ಬಾತ್ ಬಗ್ಗೆ ಹೇಳುತ್ತೇನೆ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯ ದಿನ. ಅದು ಪ್ರತಿ ವಾರ ಬರುತ್ತದೆ. ಇಲ್ಲಿ ದಿನ ಶುರುವಾಗುವುದು ಸಂಜೆಗೆ, ಯಾಕೆಂದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಸೃಷ್ಟಿಯ ಕಥೆಯಲ್ಲಿ ಪ್ರತಿ ದಿನವೂ ಸಂಜೆಯನ್ನು ಮೊದಲು ಹೇಳಿ ಬೆಳಗನ್ನು ಆಮೇಲೆ ಹೇಳಿದೆ. ಹಾಗಾಗಿ ಶುಕ್ರವಾರ ಸೂರ್ಯ ಮುಳುಗುವ ಮೊದಲೇ ದೀಪ ಹಚ್ಚುತ್ತಾರೆ. ಸರಿಯಾದ ಸಮಯ ಊರಿಂದ ಊರಿಗೆ ಬೇರೆ. ಕ್ಯಾಲೆಂಡರ್‌ನಲ್ಲಿ ನಿಮಿಷ ಸಮೇತ ಇರುತ್ತದೆ. ಅಜ್ಜಿ ದೀಪ ಹಚ್ಚಿ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಾರೆ. ಪ್ರಾರ್ಥನೆ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಲ್ಲಬಹುದು. ಮಕ್ಕಳು ಮೊಮ್ಮಕ್ಕಳಿಗಾಗಿ ಬೇಡಿಕೊಳ್ಳುವ ಹೊತ್ತು ಅದು. ಆಗ ಔಷಧಿ ತಗೊಂಡು ಹೋಗಬೇಡ, ಕಾಯಿ.

ಕೆಲಸ ಬಿಡುವುದಕ್ಕೆ ತೋರಾ ಎರಡು ಕಾರಣ ಕೊಡುತ್ತದೆ. ತೋರಾ ಅಂದರೆ ಬೈಬಲಿನ ಹಳೆ ಒಡಂಬಡಿಕೆಯ ಮೊದಲ ಐದು ಪುಸ್ತಕಗಳು. ವಿಮೋಚನಕಾಂಡದಲ್ಲಿ, ದೇವರು ಆರು ದಿನ ಸೃಷ್ಟಿ ಮಾಡಿ ಏಳನೆಯ ದಿನ ವಿಶ್ರಮಿಸಿದನು ಅಂತ ಇದೆ. ಧರ್ಮೋಪದೇಶಕಾಂಡದಲ್ಲಿ ಅದೇ ಆಜ್ಞೆ ಮತ್ತೆ ಬರುತ್ತದೆ, ಕಾರಣ ಮಾತ್ರ ಬೇರೆ: ನೀನು ಈಜಿಪ್ಟಿನಲ್ಲಿ ಗುಲಾಮನಾಗಿದ್ದೆ, ಅದನ್ನು ನೆನಪಿಡು. ಗುಲಾಮನಿಗೆ ರಜೆ ಇಲ್ಲ, ಅಲ್ವಾ? ಅದಕ್ಕೇ ಆ ವಿಶ್ರಾಂತಿ ಯಜಮಾನನಿಗೆ ಮಾತ್ರ ಅಲ್ಲ. ಮನೆಯ ಆಳಿಗೆ, ಊರಲ್ಲಿರುವ ಪರದೇಶಿಗೆ, ಎತ್ತಿಗೆ, ಕತ್ತೆಗೂ ಇದೆ ಅಂತ ಅಲ್ಲಿ ಒಬ್ಬೊಬ್ಬರನ್ನೇ ಹೆಸರಿಸಿ ಹೇಳಿದೆ.

ಬೆಂಕಿ ಹೊತ್ತಿಸುವುದು, ಬೇಯಿಸುವುದು, ಬರೆಯುವುದು, ಹರಿದು ಹಾಕುವುದು ಹೀಗೆ 39 ಬಗೆಯ ಕೆಲಸ ಆ ದಿನ ಇಲ್ಲ. ಅಡುಗೆ ಶುಕ್ರವಾರವೇ ಮುಗಿಸಿ ಬಿಸಿ ತಟ್ಟೆಯ ಮೇಲೆ ಇಡುತ್ತಾರೆ. ದೀಪಗಳಿಗೆ ಟೈಮರ್ ಇರುತ್ತದೆ. ನೀನು ಯೆಹೂದ್ಯಳಲ್ಲ, ಆ ನಿಯಮ ನಿನಗಿಲ್ಲ. ಆದರೂ ಅವರು "ಲೈಟ್ ಹಾಕು" ಅಂತ ಬಾಯಿಬಿಟ್ಟು ಹೇಳುವುದಿಲ್ಲ. "ಇಲ್ಲಿ ಕತ್ತಲೆ ಆಯ್ತು" ಅನ್ನಬಹುದು, ನೀನು ಅರ್ಥ ಮಾಡಿಕೊಳ್ಳಬೇಕು. ತಾನು ಮಾಡಬಾರದ್ದನ್ನು ಇನ್ನೊಬ್ಬರ ಕೈಯಲ್ಲಿ ಮಾಡಿಸುವುದೂ ಸರಿಯಲ್ಲ ಎಂಬ ಸೂಕ್ಷ್ಮ ಅದು. ನನಗೆ ಆ ಸೂಕ್ಷ್ಮ ಇಷ್ಟ.

ಒಂದು ಮಾತು ಮನಸ್ಸಲ್ಲಿ ಗಟ್ಟಿಯಾಗಿ ಇಟ್ಟುಕೋ. ಜೀವಕ್ಕೆ ಅಪಾಯ ಬಂದರೆ ಶಬ್ಬಾತ್ ಅಡ್ಡ ಬರುವುದಿಲ್ಲ. ಅಜ್ಜಿಗೆ ಎದೆನೋವು ಬಂದರೆ ಯಾರ ಅನುಮತಿಯನ್ನೂ ಕಾಯದೆ ಇಲ್ಲಿಯ ಆಂಬುಲೆನ್ಸ್ ನಂಬರ್ 101ಕ್ಕೆ ಫೋನ್ ಮಾಡು. ಈ ಆಜ್ಞೆಗಳಿಂದ ಮನುಷ್ಯ ಬದುಕಬೇಕು ಅಂತ ಯಾಜಕಕಾಂಡ ಹೇಳುತ್ತದೆ. ಬದುಕಬೇಕು, ಸಾಯಬಾರದು ಅಂತ ಅವರ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುದ್ ಅದನ್ನು ಬಿಡಿಸಿ ಹೇಳಿದೆ. ಅವರ ಧರ್ಮಗುರು ರಬ್ಬಿಯೇ ಎದುರಿಗಿದ್ದರೂ ಇದನ್ನೇ ಹೇಳುತ್ತಾರೆ.

ಅಡುಗೆಮನೆ ಬೇಗ ಅಭ್ಯಾಸ ಆಗುತ್ತದೆ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ತೋರಾದಲ್ಲಿ ಮೂರು ಸಲ ಬರುತ್ತದೆ. ಅದರಿಂದಲೇ ಎರಡು ಬಗೆಯ ಪಾತ್ರೆ, ಎರಡು ಸಿಂಕ್, ಮಾಂಸ ತಿಂದ ಮೇಲೆ ಹಾಲಿಗೆ ಗಂಟೆಗಟ್ಟಲೆ ಅಂತರ. ಮೀನಿಗೆ ರೆಕ್ಕೆಯೂ ಹುರುಪೆಯೂ ಇರಬೇಕು. ಸಿಗಡಿ, ಏಡಿ, ಮರುವಾಯಿ ಆ ಮನೆಯೊಳಗೆ ತರುವ ಹಾಗಿಲ್ಲ. ಒಲೆಯನ್ನು ಅಜ್ಜಿಯೇ ಹೊತ್ತಿಸಬಹುದು, ವೈನ್ ಬಾಟಲಿ ಮುಟ್ಟಬೇಡ ಅನ್ನಬಹುದು. ಮೊದಮೊದಲು ನೋವಾಗುತ್ತದೆ. ನಿನ್ನನ್ನು ಕೀಳಾಗಿ ಕಂಡು ಹೇಳುವ ಮಾತು ಅಂದುಕೊಳ್ಳಬೇಡ. ವೈನಿನ ಕಟ್ಟಳೆ ಬೇರೆ ದೇವರಿಗೆ ವೈನ್ ಅರ್ಪಿಸುತ್ತಿದ್ದ ಕಾಲದಿಂದ ಬಂದದ್ದು.

ಈಗ ಪೆಸಾಹ್. ನಮ್ಮ ಕನ್ನಡ ಬೈಬಲಿನಲ್ಲಿ ಪಸ್ಕ ಹಬ್ಬ ಅಂತಿದೆ. ನೀನು ಬರುವ ಹೊತ್ತಿಗೆ ಮನೆಯಿಡೀ ತೊಳೆಯುವ ಕೆಲಸ ನಡೆದಿರುತ್ತದೆ. ಗೋಧಿ, ಬಾರ್ಲಿಯಂಥ ಐದು ಧಾನ್ಯಗಳಿಂದ ಮಾಡಿ ಉಬ್ಬಿದ್ದು ಯಾವುದೂ ಏಳು ದಿನ ಮನೆಯಲ್ಲಿ ಇರಬಾರದು. ರವೆ, ಚಪಾತಿ ಹಿಟ್ಟು, ಬಿಸ್ಕತ್ತು ತರಬೇಡ. ನಮ್ಮ ಇಂಗಿನ ಡಬ್ಬಿಯಲ್ಲೂ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ, ಅದೂ ಬೇಡ. ಅನ್ನದ ವಿಷಯ ಕೇಳಿಯೇ ತಿಳಿದುಕೊಳ್ಳಬೇಕು. ಯುರೋಪಿನ ಮೂಲದ ಅಷ್ಕೆನಾಜಿಗಳು ಆ ವಾರ ಅಕ್ಕಿ, ಬೇಳೆ ತಿನ್ನುವುದಿಲ್ಲ. ಸ್ಪೇನ್, ಮಧ್ಯಪ್ರಾಚ್ಯ ಕಡೆಯ ಮೂಲದ ಸೆಫಾರ್ದಿ ಮನೆಗಳಲ್ಲಿ ಸಾಮಾನ್ಯವಾಗಿ ಅನ್ನ ಇರುತ್ತದೆ, ಹಬ್ಬಕ್ಕೆ ಮುಂಚೆ ಅಕ್ಕಿಯನ್ನು ಮೂರು ಸಲ ಆರಿಸಿ ಇಡುತ್ತಾರೆ.

ಇದರ ಹಿಂದಿನ ಕಥೆ ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಅವರ ಹಿರಿಯರು ಬಿಡುಗಡೆಯಾದ ರಾತ್ರಿಯದು. ಹೊರಡುವ ಅವಸರಕ್ಕೆ ಹಿಟ್ಟು ಹುದುಗಲು ಸಮಯ ಇರಲಿಲ್ಲ, ಚಪ್ಪಟೆ ರೊಟ್ಟಿಯನ್ನೇ ತಿಂದರು. ಅದೇ ಮತ್ಸಾ. ಇವತ್ತಿಗೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಸುಟ್ಟು ಮುಗಿಸಬೇಕು. ಹಬ್ಬದ ಮೊದಲ ರಾತ್ರಿಯ ಊಟಕ್ಕೆ ಸೆದೆರ್ ಅನ್ನುತ್ತಾರೆ. ಕಹಿ ಸೊಪ್ಪು ಗುಲಾಮಗಿರಿಗೆ, ಉಪ್ಪು ನೀರು ಕಣ್ಣೀರಿಗೆ, ಹಣ್ಣು ಬೀಜ ಅರೆದ ಕಂದು ಮುದ್ದೆ ಇಟ್ಟಿಗೆಯ ಕೆಸರಿಗೆ. ಈಜಿಪ್ಟಿನವರ ಮೇಲೆ ಬಂದ ಹತ್ತು ಪಿಡುಗುಗಳನ್ನು ಹೇಳುವಾಗ ಪ್ರತಿಯೊಂದಕ್ಕೂ ಒಂದು ಹನಿ ವೈನ್ ಲೋಟದಿಂದ ತೆಗೆಯುತ್ತಾರೆ. ಶತ್ರುವೇ ಆದರೂ ಅವರು ನರಳಿದ್ದಾರೆ, ನಮ್ಮ ಲೋಟ ತುಂಬಿರಬಾರದು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ಹಸಿದವರೆಲ್ಲ ಬಂದು ಉಣ್ಣಿ ಅಂತ ಕರೆಯುತ್ತಾರೆ. ಮನೆಯ ಚಿಕ್ಕ ಮಗು, "ಈ ರಾತ್ರಿ ಯಾಕೆ ಬೇರೆ?" ಅಂತ ಕೇಳಬೇಕು. ಮಗು ಇಲ್ಲದಿದ್ದರೆ ದೊಡ್ಡವರು ಕೇಳಬೇಕು. ಒಬ್ಬರೇ ಇದ್ದರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಈಜಿಪ್ಟಿನಿಂದ ಹೊರಟದ್ದು ತಾನೇ ಅಂತ ಪ್ರತಿ ತಲೆಮಾರಿನವರೂ ಭಾವಿಸಬೇಕು ಅನ್ನುವುದು ಆ ರಾತ್ರಿಯ ತಿರುಳು.

ಆ ನೆನಪಿನಿಂದ ಒಂದು ಕಟ್ಟಳೆ ಹುಟ್ಟಿದೆ, ಅದು ನಿನಗೆ ಸಂಬಂಧಿಸಿದ್ದು. ಪರದೇಶಿಯನ್ನು ಹಿಂಸಿಸಬೇಡ, ನೀನೂ ಪರದೇಶಿಯಾಗಿದ್ದೆ, ಅವನ ಮನಸ್ಸು ನಿನಗೆ ಗೊತ್ತು ಅಂತ ತೋರಾ ಹೇಳುತ್ತದೆ. ಈ ಎಚ್ಚರಿಕೆ 36 ಸಲ, ಕೆಲವರ ಪ್ರಕಾರ 46 ಸಲ ಬಂದಿದೆ ಅಂತ ತಾಲ್ಮುದ್‌ನ ಲೆಕ್ಕ. ಎಲ್ಲ ಮನೆಗಳೂ ಈ ಮಾತಿನಂತೆ ನಡೆಯುತ್ತವೆ ಅಂತ ನಾನು ಹೇಳಲಾರೆ. ಕಹಿ ಉಂಡ ಹುಡುಗಿಯರನ್ನು ನೋಡಿದ್ದೇನೆ. ಸಂಬಳ, ರಜೆಯಲ್ಲಿ ಅನ್ಯಾಯ ಆದರೆ ಸುಮ್ಮನಿರಬೇಡ, ಕೇಳು. ಕೂಲಿಯವನು ತಮ್ಮವನಾಗಲಿ ಪರದೇಶಿಯಾಗಲಿ, ಕೂಲಿಯನ್ನು ಅದೇ ದಿನ ಸೂರ್ಯ ಮುಳುಗುವ ಮೊದಲು ಕೊಡಬೇಕು ಅಂತ ಧರ್ಮೋಪದೇಶಕಾಂಡದಲ್ಲೇ ಇದೆ.

ಪೆಸಾಹ್ ಮುಗಿದು ಸುಮಾರು ಒಂದು ವಾರಕ್ಕೆ ಬೆಳಗ್ಗೆ 10 ಗಂಟೆಗೆ ಎರಡು ನಿಮಿಷ ಸೈರನ್ ಕೂಗುತ್ತದೆ. ನಾಜಿಗಳು ಕೊಂದ 60 ಲಕ್ಷ ಯೆಹೂದ್ಯರನ್ನು ನೆನೆಯುವ ದಿನ ಅದು. ರಸ್ತೆಯಲ್ಲಿ ಕಾರು ನಿಲ್ಲಿಸಿ ಜನ ಇಳಿದು ನಿಲ್ಲುತ್ತಾರೆ. ಆ ಸೈರನ್ ಒಂದೇ ಸಮನಾಗಿರುತ್ತದೆ, ದಾಳಿಯ ಸೈರನ್ ಏರಿ ಇಳಿಯುತ್ತದೆ. ವ್ಯತ್ಯಾಸ ತಿಳಿದಿರು. ಆ ದಿನ ಅಜ್ಜಿ ಮಾತಾಡದಿದ್ದರೆ ಮಾತಾಡಿಸಬೇಡ, ಮಾತಾಡಿದರೆ ಕೂತು ಕೇಳು.

ಪೆಸಾಹ್‌ನಿಂದ 49 ದಿನ ಎಣಿಸಿ ಶವುವೋತ್ ಹಬ್ಬ. ಸೀನಾಯಿ ಬೆಟ್ಟದಲ್ಲಿ ತೋರಾ ಸಿಕ್ಕ ದಿನ. ರಾತ್ರಿಯೆಲ್ಲ ಕೂತು ಓದುತ್ತಾರೆ, ಹಾಲಿನ ತಿಂಡಿ ಮಾಡುತ್ತಾರೆ. ಅಂಥ ದೊಡ್ಡ ದಿನ ಓದಲು ಅವರು ಆರಿಸಿಕೊಂಡ ಪುಸ್ತಕ ಯಾವುದು ಗೊತ್ತಾ? ರೂತಳ ಕಥೆ. ರೂತಳು ಮೋವಾಬಿನವಳು, ಹೊರಗಿನವಳು. ಗಂಡ ಸತ್ತ ಮೇಲೆ ತವರಿಗೆ ಹೋಗಬಹುದಿತ್ತು. ಅತ್ತೆ ನೊವೊಮಿಯೇ ಹೋಗು ಅಂದಳು. ಅವಳು ಹೋಗಲಿಲ್ಲ. ನೀನು ಎಲ್ಲಿಗೆ ಹೋಗುತ್ತೀಯೋ ಅಲ್ಲಿಗೆ ನಾನೂ ಬರುತ್ತೇನೆ ಅಂದು ಆ ಮುದುಕಿಯ ಜೊತೆ ಬೇತ್ಲೆಹೇಮಿಗೆ ಬಂದಳು. ಬಾರ್ಲಿ ಕೊಯ್ಲಿನಲ್ಲಿ ಬಿದ್ದ ತೆನೆ ಆಯ್ದು ಅತ್ತೆಯನ್ನು ಸಾಕಿದಳು. ಪರದೇಶಿಗೂ ವಿಧವೆಗೂ ತೆನೆ ಬಿಡಬೇಕು ಅಂತ ತೋರಾದಲ್ಲಿ ಇದ್ದದ್ದರಿಂದ ಅವರಿಬ್ಬರ ಹೊಟ್ಟೆ ತುಂಬಿತು. ಅವಳ ಮಗ ಓಬೇದ, ಅವನ ಮಗ ಇಷಯ, ಇಷಯನ ಮಗ ದಾವೀದ ರಾಜ. ಪರದೇಶದಿಂದ ಬಂದು ಒಬ್ಬ ಮುದುಕಿಯನ್ನು ನೋಡಿಕೊಂಡ ಹೆಣ್ಣಿನ ಕಥೆಯನ್ನು ಧರ್ಮ ಸಿಕ್ಕ ದಿನವೇ ಓದುವ ಜನ ಇವರು. ನಿನ್ನ ಕೆಲಸ ಸಣ್ಣದು ಅಂತ ಅನಿಸಿದ ದಿನ ಆ ನಾಲ್ಕು ಅಧ್ಯಾಯ ಓದಿಕೋ, ಕನ್ನಡದಲ್ಲೇ ಇದೆ.

ಇಲ್ಲಿಯ ಮಳೆಗಾಲಕ್ಕೆ ಮುಂಚೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಸಾಲು ಹಬ್ಬ. ರೋಷ್ ಹಷಾನಾ ಹೊಸ ವರ್ಷ. ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಟಗರಿನ ಕೊಂಬು ಊದುತ್ತಾರೆ. ಅಲ್ಲಿಂದ ಹತ್ತನೆಯ ದಿನ ಯೋಮ್ ಕಿಪ್ಪುರ್, ಸುಮಾರು 25 ಗಂಟೆ ನೀರೂ ಇಲ್ಲದ ಉಪವಾಸ. ರಸ್ತೆಯಲ್ಲಿ ಕಾರು ಓಡುವುದಿಲ್ಲ, ವಿಮಾನ ಹಾರುವುದಿಲ್ಲ. ದೇವರಿಗೆ ಮಾಡಿದ ತಪ್ಪನ್ನು ಆ ದಿನ ಕಳೆಯುತ್ತದೆ, ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನ ಹತ್ತಿರ ಹೋಗಿ ಸರಿಮಾಡಿಕೊಳ್ಳುವ ತನಕ ಕಳೆಯುವುದಿಲ್ಲ ಅಂತ ಅವರ ಹಳೆಯ ಕಟ್ಟಳೆಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಹಬ್ಬದ ಮುಂಚೆ ಅಜ್ಜಿ ನಿನ್ನ ಕೈ ಹಿಡಿದು ಕ್ಷಮೆ ಕೇಳಿದರೆ ಗಾಬರಿಯಾಗಬೇಡ. ಉಪವಾಸದ ಬಗ್ಗೆ ಮಾತ್ರ ಡಾಕ್ಟರನ್ನು ಮೊದಲೇ ಕೇಳಿಸು. ಕಾಯಿಲೆಯವರು ಉಪವಾಸ ಮಾಡಿ ಜೀವಕ್ಕೆ ಅಪಾಯ ತಂದುಕೊಳ್ಳುವುದು ಅವರ ಧರ್ಮದಲ್ಲೇ ತಪ್ಪು. ಅಜ್ಜಿ ಹಟ ಮಾಡಿದರೆ ರಬ್ಬಿಯ ಬಾಯಿಂದ ಹೇಳಿಸಲಿ, ಕೇಳುತ್ತಾರೆ.

ಆಮೇಲೆ ಸುಕ್ಕೋತ್, ಕನ್ನಡ ಬೈಬಲಿನ ಪರ್ಣಶಾಲೆಗಳ ಹಬ್ಬ. ಬಾಲ್ಕನಿಯಲ್ಲಿ ಸೊಪ್ಪಿನ ಚಾವಣಿಯ ಗುಡಿಸಲು ಕಟ್ಟಿ ಏಳು ದಿನ ಅಲ್ಲೇ ಊಟ. ನಮ್ಮ ಮಾದಳ ಹಣ್ಣಿನ ಜಾತಿಯ ಎತ್ರೋಗ್ ಹಣ್ಣು, ಖರ್ಜೂರದ ಗರಿ, ಇನ್ನೆರಡು ಗಿಡದ ಕಡ್ಡಿ ಒಟ್ಟಿಗೆ ಹಿಡಿಯುತ್ತಾರೆ. ಒಂದಕ್ಕೆ ರುಚಿಯೂ ಪರಿಮಳವೂ ಇದೆ, ಒಂದಕ್ಕೆ ರುಚಿ ಮಾತ್ರ, ಒಂದಕ್ಕೆ ಪರಿಮಳ ಮಾತ್ರ, ಒಂದಕ್ಕೆ ಎರಡೂ ಇಲ್ಲ. ರುಚಿ ಅಂದರೆ ಓದು, ಪರಿಮಳ ಅಂದರೆ ಒಳ್ಳೆಯ ಕೆಲಸ. ಓದಿದವರು, ಒಳ್ಳೆಯ ಕೆಲಸ ಮಾಡುವವರು, ಎರಡೂ ಇಲ್ಲದವರು, ಎಲ್ಲರನ್ನೂ ಸೇರಿಸಿ ಹಿಡಿಯದಿದ್ದರೆ ಪ್ರಾರ್ಥನೆ ಪೂರ್ತಿಯಾಗದು. ಸಾಲಿನ ಕೊನೆಗೆ ಸಿಮ್ಹಾತ್ ತೋರಾ. ವರ್ಷವಿಡೀ ಓದಿದ ತೋರಾ ಮುಗಿಸಿ, ಅದೇ ದಿನ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿ ಕುಣಿಯುತ್ತಾರೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಆದದ್ದು ಆ ಹಬ್ಬದ ಬೆಳಗ್ಗೆ. ಈಗ ಎಷ್ಟೋ ಮನೆಗಳಲ್ಲಿ ಆ ದಿನ ಸಂತೋಷದ ಜೊತೆ ದುಃಖವೂ ಇರುತ್ತದೆ.

ಹನುಕ್ಕಾ, ಪುರಿಮ್ ಸುಲಭ. ಹನುಕ್ಕಾದಲ್ಲಿ ಎಂಟು ದಿನ, ದಿನಕ್ಕೊಂದು ದೀಪ ಜಾಸ್ತಿ. ಆ ಬೆಳಕಿನಲ್ಲಿ ಕೆಲಸ ಮಾಡಬಾರದು, ನೋಡಬೇಕು ಅಷ್ಟೇ. ಪುರಿಮ್‌ಗೆ ಎಸ್ತೇರಳ ಪುಸ್ತಕ ಓದುತ್ತಾರೆ. ಅದರ ಮೊದಲ ವಾಕ್ಯದಲ್ಲೇ ನಮ್ಮ ಇಂಡಿಯಾದ ಹೆಸರು ಬರುತ್ತದೆ, ಅಜ್ಜಿ ನಿನಗೆ ಖಂಡಿತ ತೋರಿಸುತ್ತಾರೆ. ಊರಿನ ನೆನಪು ಜಾಸ್ತಿಯಾದರೆ ಅಷ್ದೋದ್, ದಿಮೋನಾ ಕಡೆ ಮಹಾರಾಷ್ಟ್ರದಿಂದ ಬಂದ ಬೆನೆ ಇಸ್ರೇಲ್ ಯೆಹೂದ್ಯರು ಇದ್ದಾರೆ. ಎಲೀಯ ಪ್ರವಾದಿಯ ಹೆಸರಲ್ಲಿ ಅವಲಕ್ಕಿಗೆ ಕಾಯಿತುರಿ, ಸಕ್ಕರೆ ಕಲಸಿ ಹಣ್ಣಿನ ಜೊತೆ ಮಲಿದಾ ಮಾಡಿ ಹಂಚುತ್ತಾರೆ.

ಬಂದ ಮೊದಲ ದಿನವೇ ಅಜ್ಜಿಯ ಮಗಳನ್ನೋ ಮಗನನ್ನೋ ಕೂರಿಸಿಕೊಂಡು ಕೇಳು: ಮನೆಯವರು ಅಷ್ಕೆನಾಜಿಯಾ ಸೆಫಾರ್ದಿಯಾ, ಹಾಲಿನ ಪಾತ್ರೆ ಯಾವುದು ಮಾಂಸದ್ದು ಯಾವುದು, ಪೆಸಾಹ್ ವಾರ ನನ್ನ ಅನ್ನ ಎಲ್ಲಿ ಬೇಯಿಸಲಿ, ಶಬ್ಬಾತ್ ದಿನ ಆಕ್ಸಿಜನ್, ಬಿಪಿ ಮಷಿನ್ ಬಗ್ಗೆ ರಬ್ಬಿ ಏನು ಹೇಳಿದ್ದಾರೆ, ನನ್ನ ವಾರದ ರಜೆ ಯಾವಾಗ. ಉತ್ತರಗಳನ್ನು ಕನ್ನಡದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಕೋ. ಅರ್ಥ ಮಾತ್ರ ಅಜ್ಜಿಯನ್ನೇ ಕೇಳು. ಹೀಬ್ರೂ ಸರಿಯಾಗಿ ಬರದಿದ್ದರೂ ಕೇಳು. ಅವರಿಗೆ ಹೇಳುವುದಕ್ಕೆ ಇಷ್ಟ.