ಶುಕ್ರನಲ್ಲಿ ದಿನವು ವರ್ಷಕ್ಕಿಂತ ದೊಡ್ಡದೇ?

ಪ್ರಶ್ನೆ: ಶುಕ್ರಗ್ರಹದಲ್ಲಿ ಒಂದು ದಿನವು ಒಂದು ವರ್ಷಕ್ಕಿಂತ ದೀರ್ಘವೆಂದು ಓದಿದ್ದೇನೆ. ಹಾಗಾದರೆ ಅಲ್ಲಿ ವರ್ಷ ಕಳೆದರೂ ಸೂರ್ಯ ಮುಳುಗುವುದಿಲ್ಲವೇ? ಗಟ್ಟಿ ನೆಲವೇ ಇಲ್ಲದ ಗುರು, ಶನಿಗಳು ತಿರುಗುವ ಅವಧಿಯನ್ನು ಹೇಗೆ ಅಳೆಯುತ್ತಾರೆ?

ಉತ್ತರ: ನೀವು ಓದಿದ್ದು ಒಂದು ಲೆಕ್ಕದಲ್ಲಿ ಸರಿಯೇ. ಶುಕ್ರ ತನ್ನ ಅಕ್ಷದ ಸುತ್ತ ಒಮ್ಮೆ ತಿರುಗಲು ನಮ್ಮ 243 ದಿನಗಳನ್ನೂ ಸೂರ್ಯನನ್ನು ಒಮ್ಮೆ ಸುತ್ತಿಬರಲು ಸುಮಾರು 225 ದಿನಗಳನ್ನೂ ತೆಗೆದುಕೊಳ್ಳುತ್ತದೆ. ಆದರೆ 243 ಎಂಬುದು ದೂರದ ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡು ಅಳೆದ ನಾಕ್ಷತ್ರ ದಿನ. ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗಿನ ಸೌರ ದಿನವೇ ಬೇರೆ.

ಭೂಮಿಯ ವಿಷಯದಲ್ಲಿ ಈ ವ್ಯತ್ಯಾಸ ಅಲ್ಪವಾದುದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡಿನಲ್ಲಿ ಒಂದು ಸುತ್ತು ತಿರುಗಿರುತ್ತದೆ. ಅಷ್ಟರಲ್ಲಿ ಅದು ತನ್ನ ಕಕ್ಷೆಯಲ್ಲಿ ಸುಮಾರು ಒಂದು ಡಿಗ್ರಿ ಮುಂದೆ ಸರಿದಿರುವುದರಿಂದ, ಸೂರ್ಯನಿಗೆ ಮತ್ತೆ ಅದೇ ಮುಖ ಒಡ್ಡಲು ಇನ್ನೂ ಸುಮಾರು ನಾಲ್ಕು ನಿಮಿಷ ತಿರುಗಬೇಕಾಗುತ್ತದೆ. ಶುಕ್ರ ತಿರುಗುವುದು ತಾನು ಸೂರ್ಯನನ್ನು ಸುತ್ತುವ ದಿಕ್ಕಿಗೆ ವಿರುದ್ಧವಾಗಿ. ಹೀಗಾಗಿ ಅಲ್ಲಿ ಎರಡು ಚಲನೆಗಳ ಪರಿಣಾಮ ಒಟ್ಟುಗೂಡಿ, ಗ್ರಹ ಅರ್ಧ ಸುತ್ತು ತಿರುಗುವ ಮೊದಲೇ, ಸುಮಾರು 117 ದಿನಗಳಲ್ಲಿ, ಮುಂದಿನ ಸೂರ್ಯೋದಯವಾಗುತ್ತದೆ, ಅದೂ ಪಶ್ಚಿಮದಲ್ಲಿ. ಶುಕ್ರನ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಸೌರ ದಿನಗಳು ಕಳೆಯುತ್ತವೆ. ಗಂಧಕಾಮ್ಲದ ದಟ್ಟ ಮೋಡಗಳ ಕೆಳಗೆ ನಿಂತವರಿಗೆ ಸೂರ್ಯಬಿಂಬ ಕಾಣುವುದಿಲ್ಲವೆಂಬುದು ಬೇರೆ ಮಾತು.

ನೀವು ಊಹಿಸಿದ ಸ್ಥಿತಿ ನಿಜವಾಗಿಯೂ ಇರುವುದು ಬುಧನಲ್ಲಿ. ಅದು 88 ದಿನಗಳಲ್ಲಿ ಸೂರ್ಯನನ್ನು ಸುತ್ತುತ್ತದೆ, 58.65 ದಿನಗಳಲ್ಲಿ ತನ್ನ ಅಕ್ಷದ ಸುತ್ತ ತಿರುಗುತ್ತದೆ. ಅಂದರೆ ಎರಡು ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ ಮೂರು ಸುತ್ತು ತಿರುಗಿರುತ್ತದೆ. ಈ ಲೆಕ್ಕದಲ್ಲಿ ಅದರ ಸೌರ ದಿನ 176 ದಿನಗಳಾಗಿ, ಹಗಲೇ ಸರಿಸುಮಾರು ಒಂದು ಬುಧವರ್ಷದಷ್ಟು ದೀರ್ಘವಾಗಿರುತ್ತದೆ. ಸೂರ್ಯನಿಗೆ ಅತಿ ಸಮೀಪ ಬಂದಾಗ ಬುಧನ ಕಕ್ಷಾವೇಗ ಎಷ್ಟು ಹೆಚ್ಚುತ್ತದೆಂದರೆ, ಅಲ್ಲಿನ ಆಕಾಶದಲ್ಲಿ ಸೂರ್ಯ ನಿಂತು, ಸುಮಾರು ಎಂಟು ದಿನ ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ ಚಲಿಸುತ್ತಾನೆ. ಸೌರವ್ಯೂಹದಲ್ಲಿ ಇಷ್ಟು ಸೊಗಸಾದ ಲೆಕ್ಕ ಮತ್ತೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ 1889ರಲ್ಲಿ, ಬುಧನ ಎರಡೂ ಅವಧಿಗಳು 88 ದಿನಗಳೇ ಎಂದು ಸಾರಿದ್ದರು. 1965ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಬುಧನತ್ತ ರೇಡಾರ್ ಅಲೆಗಳನ್ನು ಕಳುಹಿಸಲಾಯಿತು. ತಿರುಗುವ ಗ್ರಹದ ಒಂದು ಅಂಚು ನಮ್ಮತ್ತ ಬರುತ್ತಿದ್ದರೆ ಇನ್ನೊಂದು ದೂರ ಸರಿಯುತ್ತಿರುತ್ತದೆ. ಮರಳಿದ ಅಲೆಗಳ ಆವರ್ತಾಂಕದಲ್ಲಿ ಇದರಿಂದ ಉಂಟಾದ ಹರವನ್ನು ಅಳೆದಾಗ ಹಳೆಯ ಅಂಕಿ ತಪ್ಪೆಂದು ತಿಳಿಯಿತು.

ಕಕ್ಷೆಯ ಅವಧಿಗೆ ಕೆಪ್ಲರನ ಖಚಿತ ನಿಯಮವಿದೆ: ಸೂರ್ಯನಿಂದ ಗ್ರಹದ ಸರಾಸರಿ ದೂರ ತಿಳಿದರೆ ವರ್ಷದ ಉದ್ದವೂ ತಿಳಿದಂತೆಯೇ. ಹಾಗಾಗಿಯೇ ಗುರುವಿಗೆ ಸುಮಾರು 12 ವರ್ಷ, ಶನಿಗೆ 29, ನೆಪ್ಚೂನಿಗೆ 165 ವರ್ಷ ಬೇಕು. ಅಕ್ಷದ ಸುತ್ತಲಿನ ತಿರುಗಾಟಕ್ಕೆ ಅಂತಹ ನಿಯಮವಿಲ್ಲ. ಅದನ್ನು ಒಂದೊಂದು ಗ್ರಹಕ್ಕೂ ಪ್ರತ್ಯೇಕವಾಗಿ ಅಳೆಯಲೇಬೇಕು.

ಗುರುವಿನ ಮೋಡಗಳು ಸಮಭಾಜಕದ ಬಳಿ ಬೇಗನೆಯೂ ಧ್ರುವಗಳತ್ತ ನಿಧಾನವಾಗಿಯೂ ಸುತ್ತುವುದರಿಂದ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಆದರೆ ಅದರ ಕಾಂತಕ್ಷೇತ್ರ ಅಕ್ಷಕ್ಕೆ ಸುಮಾರು ಹತ್ತು ಡಿಗ್ರಿ ವಾಲಿದ್ದು, ಒಳಭಾಗದೊಂದಿಗೇ ತಿರುಗುತ್ತದೆ; ಇದರಿಂದ ಏರಿಳಿಯುವ ರೇಡಿಯೊ ಸಂಕೇತಗಳನ್ನು ಗಮನಿಸಿ 9 ಗಂಟೆ 55 ನಿಮಿಷವೆಂದು ನಿರ್ಧರಿಸಲಾಗಿದೆ. ಶನಿಯ ಕಾಂತಕ್ಷೇತ್ರವಾದರೋ ಬಹುತೇಕ ಅಕ್ಷದ ನೇರಕ್ಕೇ ಇರುವುದರಿಂದ, ತಿರುಗುವಾಗ ಗುರುವಿನದರಂತೆ ಓಲಾಡುವುದಿಲ್ಲ. ವಾಯೇಜರ್ ನೌಕೆಗಳು ರೇಡಿಯೊ ಸಂಕೇತಗಳಿಂದ 10 ಗಂಟೆ 39 ನಿಮಿಷವೆಂದು ಅಳೆದಿದ್ದವು. ಕ್ಯಾಸಿನಿ ನೌಕೆ ಅದೇ ವಿಧಾನದಲ್ಲಿ ಅಳೆದಾಗ ಕೆಲವು ನಿಮಿಷ ಹೆಚ್ಚು ಬಂದಿತು. ಇಷ್ಟು ದೊಡ್ಡ ಗ್ರಹದ ತಿರುಗುವಿಕೆ ಎರಡು ದಶಕಗಳಲ್ಲಿ ಅಷ್ಟು ನಿಧಾನವಾಗುವುದು ಸಾಧ್ಯವಿಲ್ಲದ್ದರಿಂದ ಆ ವಿಧಾನವನ್ನೇ ಸಂಶಯಿಸಬೇಕಾಯಿತು. ಶನಿಯ ಒಳಗಿನ ಕಂಪನಗಳು ಗುರುತ್ವದ ಮೂಲಕ ಉಂಗುರಗಳಲ್ಲಿ ಎಬ್ಬಿಸುವ ಅಲೆಗಳನ್ನು ಕ್ಯಾಸಿನಿಯ ಮಾಹಿತಿಯಿಂದ ವಿಶ್ಲೇಷಿಸಿ, 2019ರಲ್ಲಿ 10 ಗಂಟೆ 33 ನಿಮಿಷ 38 ಸೆಕೆಂಡು ಎಂಬ ಅಂಕಿಯನ್ನು ಪ್ರಕಟಿಸಲಾಯಿತು. ಹಳೆಯ ಪುಸ್ತಕಗಳಲ್ಲಿ 10 ಗಂಟೆ 39 ನಿಮಿಷ ಎಂದು ಕಂಡರೆ ಅದು ವಾಯೇಜರ್ ಕಾಲದ ಅಂಕಿ.